ದೊಡ್ಡಬಳ್ಳಾಪುರಕ್ಕೆ ಮನೆ ಬದಲಾಯಿಸೋ ಯೋಚನೆ ಇದೆ, ಅಲ್ಲಿರೋರು ಸ್ವಲ್ಪ ಹೇಳಿ

ಗುಬ್ಬಚ್ಚಿ_ಗೂಡು
ನಮಸ್ಕಾರ. ನಾವು ರಾಜಾಜಿನಗರದಲ್ಲಿ ಬಾಡಿಗೆ ಮನೇಲಿದೀವಿ. ನಾನು, ನಮ್ಮನೆಯವರು, ಮೂರನೇ ಕ್ಲಾಸ್ ಓದೋ ಮಗಳು, ಅತ್ತೆ, ಮಾವ. ಮಾವನಿಗೆ ಉಬ್ಬಸ ಇದೆ. ರಸ್ತೆ ಕಡೆ ಕಿಟಕಿ ತೆಗೆಯೋ ಹಾಗೇ ಇಲ್ಲ, ಅಷ್ಟು ಧೂಳು, ಅಷ್ಟು ಹಾರ್ನು. ನನ್ನ ಆಫೀಸ್ ನಾಗವಾರದ ಕಡೆ, ವಾರಕ್ಕೆ ಎರಡು ದಿನ ಹೋದ್ರೆ ಸಾಕು. ಇವರದ್ದು ಯಶವಂತಪುರ, ದಿನಾ ಹೋಗ್ಬೇಕು.

ಘಾಟಿ ಸುಬ್ರಹ್ಮಣ್ಯಕ್ಕೆ ಹೋದಾಗಲೆಲ್ಲ ದೊಡ್ಡಬಳ್ಳಾಪುರದ ಮೇಲೇ ಹೋಗಿ ಬರ್ತೀವಿ. ಊರು ದಾಟಿದ ತಕ್ಷಣ ರಾಗಿ ಹೊಲ, ದೂರಕ್ಕೆ ಬೆಟ್ಟದ ಸಾಲು. ಮಾವ ಅಂತೂ "ಇಲ್ಲೇ ಇದ್ದುಬಿಡೋಣಮ್ಮ" ಅಂತ ಶುರು ಮಾಡಿದಾರೆ. ಒಬ್ಬ ಬ್ರೋಕರ್ ಊರಾಚೆ ಒಂದು 30x40 ಸೈಟ್ ತೋರಿಸಿದಾನೆ. ಏರ್‌ಪೋರ್ಟ್ ಹತ್ರ, ರಿಂಗ್ ರೋಡ್ ಹತ್ರ, ಸಬರ್ಬನ್ ರೈಲು ಬರ್ತಿದೆ, ಎರಡು ವರ್ಷದಲ್ಲಿ ಡಬಲ್ ಆಗುತ್ತೆ ಅಂತಾನೆ. ನಮಗೆ ಡಬಲ್ ಬೇಡ, ನೆಮ್ಮದಿಯಾಗಿ ಇರೋಕೆ ಜಾಗ ಬೇಕು. ನೀರು, ಆಸ್ಪತ್ರೆ, ಓಡಾಟ ಹೇಗೆ? ನಿಜವಾಗ್ಲೂ ಪ್ರಶಾಂತವಾಗಿದ್ಯಾ? ಅಲ್ಲೇ ಇರೋರು ಮನಸ್ಸು ಬಿಚ್ಚಿ ಹೇಳಿ.

ಟಿಬಿ_ಸರ್ಕಲ್
ಬನ್ನಿ ಮೇಡಂ, ಸಂತೋಷ. ಆದ್ರೆ ಬಾಡಿಗೆಗೆ ಬನ್ನಿ. ಒಂದು ಬೇಸಿಗೆ, ಒಂದು ಮಳೆಗಾಲ ಇಲ್ಲಿ ಕಳೆದ ಮೇಲೆ ಸೈಟಿನ ಮಾತು.

ಮಾಗಡಿ_ಗೌಡ
ದೊಡ್ಡಬಳ್ಳಾಪುರ ಈಗ ಎಲ್ಲಿ ಹಳ್ಳಿ ಕಡೆ ಊರು ಉಳಿದಿದೆ ಸ್ವಾಮಿ? ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ, ಅಪರೆಲ್ ಪಾರ್ಕು, ಲಾರಿ ಮೇಲೆ ಲಾರಿ. ನೆಮ್ಮದಿ ಬೇಕು ಅಂದ್ರೆ ಮಾಗಡಿಗೆ ಬನ್ನಿ. ಸಾವನದುರ್ಗ ಎದುರಿಗೆ, ಊರಲ್ಲೇ ಸೋಮೇಶ್ವರ, ತಿರುಮಲೆ ರಂಗನಾಥ. ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಅಂತ ಕಟ್ಟಡಗಳ ಮೇಲೆ ಎಷ್ಟೋ ವರ್ಷ ನಿರ್ಬಂಧ ಇದ್ದಿದ್ರಿಂದ ಆ ದಾರಿ ಇನ್ನೂ ಹಸಿರಾಗಿದೆ.

ಮೆಮು_ಪ್ರಯಾಣಿಕ
ಮಾಗಡಿ ಒಳ್ಳೇ ಊರೇ ಅಣ್ಣ, ಆದ್ರೆ ರೈಲಿಲ್ಲ. ಯಶವಂತಪುರಕ್ಕೆ ದಿನಾ ಹೋಗೋರಿಗೆ ಮಾಗಡಿ ರಸ್ತೆ ಟ್ರಾಫಿಕ್ಕಲ್ಲಿ ಹೋಗಿ ಬಾ ಅಂದ್ರೆ ಹೇಗೆ?

ಮೇಡಂ, ನಿಮ್ಮ ಮನೆಯವರಿಗೆ ರೈಲೇ ದಾರಿ. ನಾನು ವರ್ಷಗಳಿಂದ ಪಾಸ್ ಮಾಡಿಸಿಕೊಂಡು ಓಡಾಡ್ತಿರೋನು. ಗುಂತಕಲ್ ಕಡೆಯ ಮಾರ್ಗ ಇದು, ಹಿಂದೂಪುರ, ಗೌರಿಬಿದನೂರು ಕಡೆಯಿಂದ ಬರೋ ಮೆಮು, ಪ್ಯಾಸೆಂಜರ್‌ಗಳು ನಮ್ಮಲ್ಲಿ ನಿಲ್ತವೆ. ಆಮೇಲೆ ರಾಜಾನುಕುಂಟೆ, ಯಲಹಂಕ. ಯಲಹಂಕದಲ್ಲಿ ಹಳಿ ಕವಲಾಗುತ್ತೆ. ಒಂದು ಯಶವಂತಪುರದ ಕಡೆ, ಇನ್ನೊಂದು ಚನ್ನಸಂದ್ರದ ಕಡೆ. ಹತ್ತೋ ಮುಂಚೆ ಯಾವ ಕಡೆ ಹೋಗೋ ರೈಲು ಅಂತ ನೋಡ್ಕೊಳ್ಳಿ, ಹೊಸಬರು ಅಲ್ಲೇ ಎಡವೋದು.

ಪಾಸಿಗೆ ಆಗೋ ಖರ್ಚು ಪೆಟ್ರೋಲ್ ಜೊತೆ ಹೋಲಿಸೋ ಹಾಗೇ ಇಲ್ಲ. ತೊಂದರೆ ಏನಂದ್ರೆ ರೈಲು ಕಮ್ಮಿ. ಬೆಳಿಗ್ಗೆಯದು ತಪ್ಪಿದ್ರೆ ಮುಂದಿನದಕ್ಕೆ ಕಾಯೋದಕ್ಕಿಂತ ಬಸ್ ಸ್ಟ್ಯಾಂಡ್ ಕಡೆ ಓಡೋದು ಮೇಲು. ಸಂಜೆ ಎಕ್ಸ್‌ಪ್ರೆಸ್ ಬಿಡೋಕೆ ಅಂತ ನಮ್ಮ ಗಾಡಿನ ನಿಲ್ಲಿಸ್ತಿದ್ರು, ಹಳಿ ಜೋಡಿ ಆದ ಮೇಲೆ ಅದು ಎಷ್ಟೋ ಕಮ್ಮಿಯಾಗಿದೆ.

ಟಿಬಿ_ಸರ್ಕಲ್
ಸಬರ್ಬನ್ ರೈಲು ಬರ್ತಿದೆ ಅಂತ ಬ್ರೋಕರ್ ಹೇಳಿದ್ದು ಸುಳ್ಳು ಅಂತ ಯಾರಾದ್ರೂ ಹೇಳಿ ಪುಣ್ಯ ಕಟ್ಕೊಳ್ಳಿ.

ಮೆಮು_ಪ್ರಯಾಣಿಕ
ನಾನೇ ಹೇಳ್ತೀನಿ. ಒಟ್ಟು 148 ಕಿ.ಮೀ. ಯೋಜನೆ, ನಾಲ್ಕು ಮಾರ್ಗ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ನಮ್ಮ ಕಡೆ ಬರೋದು ಕನಕ, ಹೀಲಲಿಗೆಯಿಂದ ರಾಜಾನುಕುಂಟೆವರೆಗೆ. ಅಷ್ಟೇ. ದೊಡ್ಡಬಳ್ಳಾಪುರ ಅದರಲ್ಲಿ ಇಲ್ಲ. 2020ರಲ್ಲಿ ಕೇಂದ್ರ ಒಪ್ಪಿಗೆ ಕೊಡ್ತು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯ್ತು. ಆ ಯೋಜನೆ ಹೆಸರು ಹೇಳಿ ಸೈಟ್ ಮಾರ್ತಿರೋರನ್ನ ನಂಬಬೇಡಿ.

ಕುಡ್ಲದ_ಕೂಸು
ನಾನು ಮಂಗಳೂರಿನವಳು, ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದದ್ದು. ಒಂದು ವಿಷಯ ಯಾರೂ ಹೇಳ್ಲಿಲ್ಲ, ನಾನು ಹೇಳ್ತೇನೆ. ಇಲ್ಲಿ ಪ್ರಶಾಂತ ಅಂತ ಉಂಟಲ್ಲ, ಅದು ಯಾವ ಬೀದಿಯಲ್ಲಿ ಮನೆ ಅಂತ ನೋಡಿ ಹೇಳ್ಬೇಕು. ನಮ್ಮ ಎಡಕ್ಕೆ ಮಗ್ಗ, ಬಲಕ್ಕೆ ಮಗ್ಗ. ಬೆಳಿಗ್ಗೆ ಶುರುವಾದ್ರೆ ರಾತ್ರಿವರೆಗೆ ಟಕಟಕ ಟಕಟಕ. ಮಗು ಹುಟ್ಟಿದ ಹೊಸತರಲ್ಲಿ ಮಗುವೂ ಮಲಗ್ತಿರಲಿಲ್ಲ, ನಾನೂ ಮಲಗ್ತಿರಲಿಲ್ಲ. ಗೋಡೆಗೆ ಕೈ ಇಟ್ರೆ ನಡುಕ ಗೊತ್ತಾಗ್ತದೆ. ಮಾವನವರಿಗೆ ವಿಶ್ರಾಂತಿ ಬೇಕು ಅಂತ ಬರುವವರು ಹಗಲು ಹೊತ್ತು ಬಂದು ಕಿವಿ ಕೊಟ್ಟು ಕೇಳಿ ಮಾರಾಯ್ರೆ. ಭಾನುವಾರ ಬಂದು ನೋಡಿ ಹೋದ್ರೆ ಎಂತದೂ ಗೊತ್ತಾಗುವುದಿಲ್ಲ.

ಹೆಬ್ಬಾಳ_ಫ್ಲೈಓವರ್
ವಸತಿ ಪ್ರದೇಶದಲ್ಲಿ ಮಗ್ಗ ಹಾಕೋಕೆ ಪರ್ಮಿಷನ್ ಯಾರು ಕೊಟ್ರು? ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ. ರೆಸಿಡೆನ್ಶಿಯಲ್ ಅಂದ್ರೆ ರೆಸಿಡೆನ್ಶಿಯಲ್ ಆಗಿರ್ಬೇಕು.

ಲಾಳಿ_ಹುಡುಗ
ದೂರು ಕೊಡೋ ಮುಂಚೆ ಇದನ್ನ ಓದಿ ಸಾರ್. ನಾನು ಆ ಸದ್ದಿನ ಮನೇಲೇ ಹುಟ್ಟಿದೋನು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ನಮ್ಮೂರಲ್ಲಿ ಮಗ್ಗ ಅಂದ್ರೆ ಊರಾಚೆ ಶೆಡ್ಡಲ್ಲಿ ಇರೋದಲ್ಲ. ಮನೆ ಮುಂದಿನ ಹಜಾರದಲ್ಲೇ ಎರಡೋ ನಾಲ್ಕೋ ಮಗ್ಗ, ಹಿಂದೆ ಅಡುಗೆಮನೆ, ಮೇಲೆ ಮಲಗೋ ಕೋಣೆ. ಅಪ್ಪ ಮಗ್ಗ ಓಡಿಸಿದ್ರೆ ಅಮ್ಮ ಕಂಡಿಕೆ, ಅಂದ್ರೆ ಅಡ್ಡ ಎಳೆಯ ನೂಲಿನ ಸಣ್ಣ ಕೊಳವೆ, ಸುತ್ತುತಾರೆ. ಹಾಸು, ಅಂದ್ರೆ ಮಗ್ಗದ ಉದ್ದ ಎಳೆ, ಮುಗಿದಾಗ ಅಚ್ಚು ಕೆಚ್ಚೋರನ್ನ ಕರೀತೀವಿ. ಹಳೇ ಹಾಸಿನ ಒಂದೊಂದು ಎಳೆ ತುದಿಗೆ ಹೊಸ ಎಳೆ ಇಟ್ಟು, ಬೆರಳಿಗೆ ಬೂದಿ ಹಚ್ಕೊಂಡು ಹೊಸೆದು ಸೇರಿಸೋ ಕೆಲಸ ಅದು. ಒಂದೆರಡಲ್ಲ, ಸಾವಿರಾರು ಎಳೆ. ಅವರು ಕೂತಿದ್ದಾಗ ನಮ್ಮನೇಲಿ ಫ್ಯಾನ್ ಹಾಕ್ತಿರಲಿಲ್ಲ, ಎಳೆ ಹಾರುತ್ತೆ ಅಂತ. ಬೇಸಿಗೆ ರಜದಲ್ಲಿ ಬೆವರು ಒರೆಸ್ಕೊಂಡು ಬಾಗಿಲ ಹತ್ರ ಕೂತು ನೋಡ್ತಿದ್ವಿ.

ನಿಮಗೆ ಕೇಳೋ ಟಕಟಕ, ಅಡ್ಡ ಎಳೆ ಒಯ್ಯೋ ಲಾಳಿ ಈ ತುದಿಯಿಂದ ಆ ತುದಿಗೆ ಬಡಿಯೋ ಸದ್ದು. ಅದು ನಿಂತ್ರೆ ನಮಗೆ ಹೆದರಿಕೆ. ಮಗ್ಗ ನಿಂತಿದೆ ಅಂದ್ರೆ ಆ ಮನೇಲಿ ಆರ್ಡರ್ ಇಲ್ಲ ಅಂತ ಅರ್ಥ. 2020ರ ಲಾಕ್‌ಡೌನಲ್ಲಿ ಇಡೀ ಬೀದಿ ಗಪ್‌ಚಿಪ್ ಆಗಿತ್ತು. ನೇಯ್ದಿಟ್ಟ ಸೀರೆ ಬೀರುವಿನಲ್ಲೇ ಇತ್ತು, ತಗೊಳ್ಳೋರಿಲ್ಲ. ಆ ಪ್ರಶಾಂತತೆ ನಮ್ಮ ಶತ್ರುಗೂ ಬೇಡ.

ಈಗಲೂ ಸುಲಭ ಇಲ್ಲ. 10 ಎಚ್‌ಪಿವರೆಗಿನ ಮಗ್ಗಕ್ಕೆ ಸರ್ಕಾರ ಕರೆಂಟು ಉಚಿತ ಮಾಡಿದ್ದು ಉಸಿರಾಡೋ ಹಾಗಾಯ್ತು ನಿಜ. ಆದ್ರೆ ನಾವು ನೇಯೋ ಡಿಸೈನನ್ನೇ ಸೂರತ್‌ನಲ್ಲಿ ಕಮ್ಮಿ ರೇಟಿಗೆ ಮಾಡಿ ತಂದು ಸುರೀತಾರೆ. ನನ್ನ ಓರಗೆಯವರು ಎಷ್ಟೋ ಜನ ಮಗ್ಗ ಗುಜರಿಗೆ ಹಾಕಿ ಫ್ಯಾಕ್ಟರಿ ಬಸ್ಸು ಹತ್ತಿದಾರೆ. ಹೊಸಬರು ಬಂದು ಸದ್ದು ಅಂತ ದೂರು ಕೊಟ್ರೆ ಉಳಿದಿರೋ ನಾಲ್ಕು ಮನೇನೂ ಮುಚ್ಚುತ್ತೆ. ಊರು ಹುಟ್ಟಿ ಬೆಳೆದಿದ್ದೇ ನೇಯ್ಗೆ ಮೇಲೆ. ನಿಮ್ಮ ನೆಮ್ಮದಿಗೆ ಬೀದಿ ಬೇರೆ ಇದೆ, ನಮ್ಮ ಅನ್ನಕ್ಕೆ ಬೇರೆ ದಾರಿ ಇಲ್ಲ.

ಕುಡ್ಲದ_ಕೂಸು
ಲಾಳಿ ಅಣ್ಣ, ನಾನು ಮುಚ್ಚಿಸಿ ಅಂತ ಹೇಳಿದ್ದಲ್ಲ. ನಮ್ಮ ಅತ್ತೆಮನೆಯದ್ದೂ ಮೊದಲು ಮಗ್ಗದ ಮನೆಯೇ. ಪಕ್ಕದ ಮನೆಯವರ ಹತ್ರ ಹೋಗಿ ಮಾತಾಡಿದೆ, ಅವರು ನಮ್ಮ ಗೋಡೆ ಕಡೆ ಇದ್ದ ಮಗ್ಗವನ್ನ ರಾತ್ರಿ ಒಂಬತ್ತಕ್ಕೆ ನಿಲ್ಲಿಸ್ತಾರೆ ಈಗ. ದಸರಾ ದೀಪಾವಳಿ ಸೀಸನ್ನಿನಲ್ಲಿ ಮಾತ್ರ ನಿಲ್ಲಿಸುವುದಿಲ್ಲ, ಆಗ ನಾವೂ ಏನೂ ಹೇಳುವುದಿಲ್ಲ. ಬರುವವರಿಗೆ ಮೊದಲೇ ಗೊತ್ತಿರಲಿ ಅಂತ ಬರೆದದ್ದು ಅಷ್ಟೆ.

ಹೆಬ್ಬಾಳ_ಫ್ಲೈಓವರ್
ಅನ್ನದ ಪ್ರಶ್ನೆ ಒಪ್ಪಿದೆ. ಆದ್ರೂ ಉಬ್ಬಸದ ಹಿರಿಯರು, ಹಸುಗೂಸು ಇರೋ ಮನೆಗೂ ಹಕ್ಕಿದೆ ಅಲ್ವಾ? ಸರ್ಕಾರ ಮಗ್ಗಕ್ಕೆ ಅಂತ ಬೇರೆ ಬಡಾವಣೆ ಮಾಡಿಕೊಡ್ಲಿ.

ಲಾಳಿ_ಹುಡುಗ
ಮನೆ ಬಿಟ್ಟು ಮಗ್ಗ ಬೇರೆ ಕಡೆ ಹೋದ್ರೆ ಅಮ್ಮಂದಿರು ಕಂಡಿಕೆ ಸುತ್ತೋದು ಯಾವಾಗ, ಒಲೆ ಮೇಲೆ ಸಾರು ಇಡೋದು ಯಾವಾಗ? ಒಂದೇ ಸೂರಿನ ಕೆಳಗೆ ಇರೋದ್ರಿಂದಲೇ ಈ ಕಸುಬು ಉಳಿದಿರೋದು. ಆಳು ಇಟ್ಟು ಮಾಡಿಸೋಷ್ಟು ಲಾಭ ಸೀರೇಲಿ ಇಲ್ಲ ಸಾರ್.

ಗುಬ್ಬಚ್ಚಿ_ಗೂಡು
ಲಾಳಿ ಅಣ್ಣ, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ, ಅವರ ಮದುವೆ ಸೀರೆ ದೊಡ್ಡಬಳ್ಳಾಪುರದ್ದೇ ಅಂತೆ! ಯಾವ ಕಡೆ ಮಗ್ಗ ಕಮ್ಮಿ ಅಂತ ಯಾರಾದ್ರೂ ಹೇಳ್ತೀರಾ? ಅದಕ್ಕಿಂತ ಮುಖ್ಯ, ನೀರು?

ಕೆರೆ_ಏರಿ
ನೀರಿಗೆ ನಾನು ಉತ್ತರ ಕೊಡ್ತೀನಿ, ಯಾಕಂದ್ರೆ ನಮ್ಮ ಹಳ್ಳಿ ಇದನ್ನ ಅನುಭವಿಸ್ತಿದೆ.

ಅರ್ಕಾವತಿ ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹರಿದು ಹೆಸರಘಟ್ಟ, ಅಲ್ಲಿಂದ ತಿಪ್ಪಗೊಂಡನಹಳ್ಳಿ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಹೋಗಿದ್ದೇ ಹೆಸರಘಟ್ಟ ಕೆರೆಯಿಂದ. ಆ ನದಿ ಇವತ್ತು ಮಳೆ ಜೋರಾಗಿ ಬಂದಾಗ ಮಾತ್ರ ನದಿ. ನಗರದ ಒಳಚರಂಡಿ ನೀರು, ಕಾರ್ಖಾನೆಗಳ ತ್ಯಾಜ್ಯ ಸೇರಿ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳು ಹಾಳಾಗಿವೆ. ಒಂದು ಕಾಲಕ್ಕೆ ನಾವು ಈಜು ಕಲಿತ ಕೆರೆ. ಈಗ ಏರಿ ಮೇಲೆ ನಡೆದ್ರೆ ಮೂಗು ಮುಚ್ಕೋಬೇಕು, ದನಕ್ಕೆ ಕುಡಿಸೋ ಹಾಗಿಲ್ಲ. ಕೆರೆ ಕೆಳಗಿನ ಬೋರ್‌ವೆಲ್ ನೀರನ್ನ ಬಿಂದಿಗೆಗೆ ಹಿಡಿದಿಟ್ರೆ ಬೆಳಿಗ್ಗೆ ಹೊತ್ತಿಗೆ ಮೇಲೊಂದು ಪದರ ಕಟ್ಟಿರುತ್ತೆ. ಶುದ್ಧೀಕರಣ ಘಟಕ ಸರಿ ಮಾಡಿ ಅಂತ ಹಳ್ಳಿಯೋರು ವರ್ಷಗಳಿಂದ ಧರಣಿ ಕೂತಿದೀವಿ, ಪಾದಯಾತ್ರೆ ಮಾಡಿದೀವಿ.

ಆದ್ದರಿಂದ ಅಕ್ಕ, ಸೈಟ್ ನೋಡೋಕೆ ಬಂದಾಗ ಆ ಜಾಗ ಕೆರೆಗಳ ಮೇಲ್ಗಡೆ ಇದ್ಯಾ ಕೆಳಗಡೆ ಇದ್ಯಾ ಕೇಳಿ. ಬೋರ್‌ವೆಲ್ ನೀರನ್ನ ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ, ಬರೀ ರುಚಿ ನೋಡಿ ಒಪ್ಪಬೇಡಿ. ಬೇಸಾಯಗಾರರಾದ ನಮಗೆ ಬೇರೆ ಕಡೆ ಹೋಗೋಕೆ ಆಗಲ್ಲ, ನಿಮಗೆ ಆಯ್ಕೆ ಇದೆ.

ಟಿಬಿ_ಸರ್ಕಲ್
ಪೇಟೆ ಒಳಗೆ ನಗರಸಭೆ ನೀರು ಬರುತ್ತೆ, ಜಕ್ಕಲಮಡುಗು ಜಲಾಶಯದ್ದು ಮತ್ತೆ ಬೋರ್‌ವೆಲ್ಲಿನದು. ದಿನಾ ಬರುತ್ತೆ ಅಂದ್ಕೋಬೇಡಿ, ಸಂಪು ದೊಡ್ಡದಿರೋ ಮನೆ ಹಿಡೀರಿ. ಮಳೆ ಕೈಕೊಟ್ಟ ವರ್ಷ ಜಕ್ಕಲಮಡುಗು ಒಣಗುತ್ತೆ, ಆಗ ಟ್ಯಾಂಕರ್ರೇ ಗತಿ. ಹೊಸ ಬೋರು ಸಾವಿರ ಅಡಿ ದಾಟಿದ್ರೂ ನೀರು ಸಿಗೋ ಗ್ಯಾರಂಟಿ ಇಲ್ಲ.

ಯಲಹಂಕ_ಉಪನಗರ
ಎತ್ತಿನಹೊಳೆ ಯೋಜನೆ ನೀರು ಬಂದ್ರೆ ಎಲ್ಲ ಸರಿಹೋಗುತ್ತೆ ಬಿಡಿ.

ಕೆರೆ_ಏರಿ
2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಹತ್ರ ಮೊದಲ ಹಂತದ ಪಂಪು ಚಾಲೂ ಮಾಡಿದ್ರು. ಆ ಕಡೆಯಿಂದ ನಮ್ಮ ತಾಲ್ಲೂಕಿನವರೆಗೆ ನೀರು ಕಾಲುವೇಲಿ ಹರಿದು ಬರ್ಬೇಕು. ಬರ್ಲಿ, ಬೇಡ ಅನ್ನಲ್ಲ. ಆದ್ರೆ ಬಂದ ನೀರನ್ನ ಯಾವ ಕೆರೆಗೆ ತುಂಬ್ತೀರಿ? ಕೊಳಚೆ ಕೆರೆಗಾ? ಮೊದಲು ಇರೋ ಕೆರೆ ಉಳಿಸಿ.

ಹೊನ್ನಾಘಟ್ಟ_ದಾರಿ
ನೀರಿನ ಜೊತೆ ಕಸದ ಮಾತೂ ಹೇಳಿ. ಬೆಂಗಳೂರಿನ ಕಸದ ಲಾರಿ ಎಷ್ಟೋ ವರ್ಷದಿಂದ ಬಂದು ಸುರೀತಿರೋದು ನಮ್ಮ ತಾಲ್ಲೂಕಲ್ಲೇ. ಗುಂಡ್ಲಹಳ್ಳಿ ಕಸದ ಘಟಕ ಮುಚ್ಚಿಸೋಕೆ ಎಷ್ಟು ಹೋರಾಟ ಆಯ್ತು, ಆಮೇಲೆ ಚಿಗರೇನಹಳ್ಳಿ. ಗಾಳಿ ತಿರುಗಿದ ದಿನ ಸುತ್ತಲ ಹಳ್ಳಿಗಳಲ್ಲಿ ಊಟ ಗಂಟಲಲ್ಲಿ ಇಳಿಯಲ್ಲ, ನೊಣ ಅಂದ್ರೆ ನೊಣ. ನಗರದಿಂದ ಒಳ್ಳೇ ಗಾಳಿ ಹುಡುಕ್ಕೊಂಡು ಬರೋರು ನಗರದಲ್ಲಿದ್ದಾಗಲೇ ಹಸಿ ಕಸ ಒಣ ಕಸ ಬೇರೆ ಮಾಡಿ ಕೊಟ್ರೆ ನಮಗೆ ದೊಡ್ಡ ಉಪಕಾರ.

ಗುಬ್ಬಚ್ಚಿ_ಗೂಡು
ಇದು ಗೊತ್ತೇ ಇರಲಿಲ್ಲ. ನಮ್ಮ ಬೀದೀಲಿ ಎಲ್ಲ ಒಂದೇ ಬುಟ್ಟಿಗೆ ಸುರಿಯೋದು ನೋಡಿದೀನಿ. ನಮ್ಮ ಮನೆ ಕಸ ಬೇರೆ ಮಾಡೇ ಕೊಡ್ತೀವಿ, ಬೀದಿಯೋರಿಗೂ ಹೇಳ್ತೀನಿ.

ಧಾರವಾಡ_ಮಂದಿ
ನಾ ಬಾಶೆಟ್ಟಿಹಳ್ಳಿ ಇಂಡಸ್ಟ್ರಿಯಲ್ ಏರಿಯಾದಾಗ ಕೆಲಸ ಮಾಡ್ತೀನ್ರಿ. ಬಾಡಿಗಿ ಮನಿ ಸಲುವಾಗಿ ಒಂದ್ ಮಾತ್ ಹೇಳ್ತೀನಿ. ಸಂಸಾರಸ್ಥರಿಗೆ ಲಗೂನ ಸಿಗತಾವು, ಒಬ್ಬಾಂವ ಇರಾವಂಗ ಭಾಳ ತ್ರಾಸ ಅದ. ಮೊದಲ ಕೇಳೋದೇ ಜಾತಿ, ಆಮ್ಯಾಲ ತಿನ್ನೋದು ಏನು ಅಂತ. ನಾವೂ ಕನ್ನಡದವರೇ, ದುಡದ ತಿನ್ನಾವ್ರು, ಹಿಂಗ ಕೇಳಿದಾಗ ಮನಸ್ಸಿಗೆ ನೋವ ಆಕ್ಕತ್ರಿ. ಆದ್ರ ಮನಿ ಸಿಕ್ಕ ಮ್ಯಾಲೆ ಮಂದಿ ಛಲೋ. ನಂಗ ಡೆಂಗಿ ಬಂದಾಗ ಓನರ್ ಅಮ್ಮಾರು ಮೂರೂ ಹೊತ್ತು ಗಂಜಿ ಮಾಡಿ ಕಳಿಸ್ಯಾರ. ಬೆಂಗಳೂರಾಗ ಬಾಜೂ ಮನ್ಯಾಂವ ಯಾರು ಅಂತ ನಂಗ ಗೊತ್ತಿರಲಿಲ್ಲ.

ಟಿಬಿ_ಸರ್ಕಲ್
ಜಾತಿ ಕೇಳೋದು ನಿಜ ಅಣ್ಣ, ತಪ್ಪು ಅದು. ನಮ್ಮ ಮನೆ ಮೇಲ್ಗಡೆ ಪೋರ್ಷನ್ ಖಾಲಿ ಆಗ್ತಿದೆ, ನಾವು ಕೇಳಲ್ಲ. ಬೇಕಿದ್ರೆ ಮೆಸೇಜ್ ಮಾಡಿ.

ನೈಟ್_ಡ್ಯೂಟಿ
ನಾನು ಸ್ಟಾಫ್ ನರ್ಸ್. ಮಾವನವರ ಉಬ್ಬಸದ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ.

ಹಳ್ಳಿ ಕಡೆ ಗಾಳಿ ಅಂದ್ರೆ ಉಬ್ಬಸ ಕಮ್ಮಿಯಾಗುತ್ತೆ ಅಂತ ಲೆಕ್ಕ ಹಾಕಬೇಡಿ. ಹೊಸ ಬಡಾವಣೆಗಳಲ್ಲಿ ಮಾರಿ ಬಿಟ್ಟ ಖಾಲಿ ಸೈಟುಗಳ ತುಂಬ ಕಾಂಗ್ರೆಸ್ ಗಿಡ. ಮಳೆ ಬಿದ್ದು ಅದು ಬಿಳಿ ಹೂ ಬಿಟ್ಟಾಗ ಸೀನು, ತುರಿಕೆ, ಉಬ್ಬಸದೋರು ಸಾಲುಗಟ್ಟಿ ಬರ್ತಾರೆ. ಆಮೇಲೆ ಸುಗ್ಗಿ ಕಾಲದ ರಾಗಿ ಹೊಟ್ಟಿನ ಧೂಳು. ಸುತ್ತ ಜನ ಮನೆ ಕಟ್ಟಿಕೊಂಡಿರೋ ಹಳೇ ಬೀದಿ ನೋಡಿ, ಒಂಟಿ ಸೈಟ್ ಬೇಡವೇ ಬೇಡ.

ಆಸ್ಪತ್ರೆ ವಿಷಯ: ತಾಲ್ಲೂಕು ಆಸ್ಪತ್ರೆ ಇದೆ, ಜ್ವರ, ಹೆರಿಗೆ, ಏಟು ಪೆಟ್ಟು ನೋಡ್ಕೋತಾರೆ. ಖಾಸಗಿ ನರ್ಸಿಂಗ್ ಹೋಮೂ ಇವೆ. ಹೃದಯ, ನರ ಅಂದ್ರೆ ಯಲಹಂಕ ದಾಟಿ ಹೋಗ್ಬೇಕು. ಹಗಲು ಹೊತ್ತು ರಾಜಾನುಕುಂಟೆ, ಯಲಹಂಕದ ಟ್ರಾಫಿಕ್ಕಲ್ಲಿ ಆಂಬುಲೆನ್ಸ್ ನಿಂತಿದ್ದು ನೋಡಿದೀನಿ, ಕೈ ಕೈ ಹಿಸುಕ್ಕೊಂಡು. ಡಾಕ್ಟರ್ ಬರೆದುಕೊಟ್ಟ ಇನ್‌ಹೇಲರ್ ಎರಡು ಇಟ್ಕೊಳ್ಳಿ, ಒಂದು ಜೇಬಿಗೆ ಒಂದು ಮನೆಗೆ. ನೆಬ್ಯುಲೈಜರ್ ಬಗ್ಗೆ ಅವರ ಡಾಕ್ಟರನ್ನೇ ಕೇಳಿ. ಕರೆಂಟು ಹೋದ್ರೆ ಓಡೋ ಹಾಗೆ ಯುಪಿಎಸ್ ಇರ್ಲಿ. 108ಕ್ಕೆ ಫೋನ್ ಮಾಡಿದಾಗ ದಾರಿ ಹೇಳೋಕೆ ಮನೆ ಹತ್ತಿರದ ಗುರುತು ಅತ್ತೆಗೂ ಬಾಯಿಪಾಠ ಮಾಡಿಸಿ. ಹೊಸ ಬಡಾವಣೆಗಳಲ್ಲಿ ರಾತ್ರಿ ಹೊತ್ತು ಮನೆ ಹುಡುಕೋದೇ ಕಷ್ಟ.

ಗುಬ್ಬಚ್ಚಿ_ಗೂಡು
ಅಕ್ಕ, ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೆ. ಕಾಂಗ್ರೆಸ್ ಗಿಡದ ವಿಷಯ ತಲೆಗೇ ಬಂದಿರಲಿಲ್ಲ. ಬ್ರೋಕರ್ ತೋರಿಸಿದ ಲೇಔಟ್ ತುಂಬ ಅದೇ ಇತ್ತು.

ಪಹಣಿ_ನೋಡಿ
ಆ ಲೇಔಟ್ ಬಗ್ಗೆ ಮಾತು. ನಾನು ಕಂದಾಯ, ನೋಂದಣಿ ಕಾಗದ ಪತ್ರದ ಕೆಲಸ ಮಾಡೋನು.

ಊರಾಚೆ ಕಮ್ಮಿ ರೇಟಿಗೆ ಸಿಗೋ ಸೈಟು ಬಹುಪಾಲು ರೆವಿನ್ಯೂ ಸೈಟು. ಪಹಣೀಲಿ ಇನ್ನೂ ಕೃಷಿ ಜಮೀನು ಅಂತಲೇ ಇರುತ್ತೆ, ಭೂ ಪರಿವರ್ತನೆ ಆಗಿರಲ್ಲ. ಕಲ್ಲು ನೆಟ್ಟು, ಬಣ್ಣ ಹೊಡೆದು, ಒಂದು ಆರ್ಚ್ ಹಾಕಿದ್ರೆ ಬಡಾವಣೆ ಆಗಲ್ಲ. ಕೇಳಬೇಕಾದ್ದು: ಡಿಸಿ ಕನ್ವರ್ಷನ್ ಆದೇಶ, ಯೋಜನಾ ಪ್ರಾಧಿಕಾರ ಅನುಮೋದಿಸಿದ ನಕ್ಷೆ, ಪಾರ್ಕು ರಸ್ತೆ ಬಿಟ್ಟುಕೊಟ್ಟ ಪತ್ರ. ಪಂಚಾಯ್ತಿ ವ್ಯಾಪ್ತಿ ಆದ್ರೆ ಇ-ಸ್ವತ್ತು ಅನ್ನೋ ಆಸ್ತಿ ದಾಖಲೆ ತಂತ್ರಾಂಶದಲ್ಲಿ ನಮೂನೆ 9, 11ಎ. ಅವರು 11ಬಿ ತೋರಿಸಿದ್ರೆ ಅದು ಅನಧಿಕೃತ ಆಸ್ತಿಯ ದಾಖಲೆ ಅಂತ ತಿಳ್ಕೊಳ್ಳಿ, ಬ್ಯಾಂಕಲ್ಲಿ ಸಾಲಕ್ಕೂ ತಕರಾರು. ಇಸಿ, ಅಂದ್ರೆ ಋಣಭಾರ ಪತ್ರ, ಹಳೇದರಿಂದ ತೆಗೆಸಿ ನೋಡಿ. ಜಮೀನು ಪಿಟಿಸಿಎಲ್ ಅಂದ್ರೆ ಪರಿಶಿಷ್ಟರಿಗೆ ಮಂಜೂರಾದದ್ದಾ ಅಂತ ಮೂಲ ಕಡತ ನೋಡಿಸಿ. ಹಾಗಿದ್ದು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ರೆ ಜಮೀನು ಅವರಿಗೇ ವಾಪಸ್ ಹೋಗುತ್ತೆ, ಹೋಗಬೇಕಾದ್ದೂ ನ್ಯಾಯವೇ.

ಇನ್ನೊಂದು ದೊಡ್ಡ ವಿಷಯ ಭೂಸ್ವಾಧೀನ. ಕೈಗಾರಿಕೆಗೆ ಜಮೀನು ತಗೊಳ್ಳೋ ಕೆಐಎಡಿಬಿಯ 28(1) ಅಂದ್ರೆ ಪ್ರಾಥಮಿಕ ಅಧಿಸೂಚನೆ, 28(4) ಅಂತಿಮ. ಆ ಸರ್ವೆ ನಂಬರ್ ಇದರಲ್ಲಿ ಇದ್ಯಾ ನೋಡದೆ ಟೋಕನ್ ಅಡ್ವಾನ್ಸ್ ಕೂಡ ಕೊಡಬೇಡಿ. ದಾಬಸ್‌ಪೇಟೆ ಮತ್ತು ದೊಡ್ಡಬಳ್ಳಾಪುರದ ಮಧ್ಯೆ 5,800 ಎಕರೆಯ ಹೊಸ ನಗರ, ಕ್ವಿನ್ ಸಿಟಿ ಅಂತ ಸರ್ಕಾರ 2024ರಲ್ಲೇ ಘೋಷಿಸಿದೆ. ಆ ದಿಕ್ಕಲ್ಲಿ ಇನ್ನೂ ಹೆಚ್ಚು ಎಚ್ಚರ.

ಯಲಹಂಕ_ಉಪನಗರ
ಕ್ವಿನ್ ಸಿಟಿ ಬಂದ್ರೆ ಒಳ್ಳೇದೇ ಅಲ್ವಾ? ಆಸ್ಪತ್ರೆ, ಕಾಲೇಜು, ಕೆಲಸ ಎಲ್ಲ ಬರುತ್ತೆ. ಎಷ್ಟು ದಿನ ರಾಗಿ ಬೆಳ್ಕೊಂಡು ಕೂರ್ತೀರಿ?

ರಾಗಿ_ಕಣ
ರಾಗಿ ಬೆಳ್ಕೊಂಡು ಕೂತಿರೋದ್ರಿಂದಲೇ ನಿಮ್ಮ ತಟ್ಟೇಲಿ ಮುದ್ದೆ ಬರ್ತಿದೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಕೊಡಲ್ಲ ಅಂತ ಸಾವಿರ ದಿನಕ್ಕೂ ಮೇಲೆ ಕೂತ್ರು. ದ್ರಾಕ್ಷಿ, ತರಕಾರಿ, ಹೂವು, ರೇಷ್ಮೆ ಬೆಳೆಯೋ ನೆಲ ಅದು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಡ್ತು. ಭೂಮಿ ಮಾರಿ ಬಂದ ದುಡ್ಡು ಒಂದು ಕಾರು, ಒಂದು ಮದುವೆ, ಒಂದು ಮನೆಗೆ ಮುಗಿದು, ಅದೇ ಜಮೀನಲ್ಲಿ ಎದ್ದ ಫ್ಯಾಕ್ಟರಿ ಗೇಟಲ್ಲಿ ಸೆಕ್ಯುರಿಟಿ ಆಗಿ ನಿಂತಿರೋರು ನಮ್ಮ ನೆಂಟರಲ್ಲೇ ಇದಾರೆ.

ಮೇಡಂ, ನಿಮಗೆ ಒಂದು ಮಾತು. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಸ್ತೆ ಮೇಲೆ ರಾಗಿ ತೆನೆ, ಹುರುಳಿ ಹರಡಿರ್ತಾರೆ, ಗಾಡಿಗಳು ತುಳಿದು ಕಾಳು ಉದುರಲಿ ಅಂತ. ಮೊದಲು ಹೊಲದಲ್ಲೇ ಸಗಣಿ ಸಾರಿಸಿ ಕಣ ಮಾಡ್ತಿದ್ರು. ಈಗ ಕಣ ಮಾಡೋಕೆ ಆಳಿಲ್ಲ, ರೋಣಗಲ್ಲು ಎಳೆಯೋಕೆ ಎತ್ತಿಲ್ಲ. ಹೊಸಬರು ಬಂದು ಹಾರ್ನ್ ಹೊಡೆದು ಬೈತಾರೆ. ಬೈಕಿನೋರು ಜಾರಿ ಬೀಳೋದು ನಿಜ, ನಾವೂ ಅದನ್ನ ಬಿಡಬೇಕು, ಪಂಚಾಯ್ತಿಯಿಂದ ಒಕ್ಕಣೆ ಕಣ ಮಾಡಿಕೊಡಿ ಅಂತ ಕೇಳ್ತಾನೇ ಇದೀವಿ. ಅಲ್ಲೀವರೆಗೆ ಸುಗ್ಗಿ ಕಾಲದಲ್ಲಿ ನಿಧಾನ ಓಡಿಸಿ.

ಮಾಗಡಿ_ಗೌಡ
ಇದು ಮಾಗಡಿ ಕಡೇನೂ ಅಷ್ಟೇ. ರಾತ್ರಿ ಹೊತ್ತು ಹುರುಳಿ ಹೊಟ್ಟು ಕಾರಿನ ಕೆಳಗೆ ಸುತ್ಕೊಂಡು ಬೆಂಕಿ ಹತ್ತಿದ್ದೂ ಇದೆ. ಕಣ ಮಾಡಿಕೊಡೋದೇ ಪರಿಹಾರ.

ರಾಗಿ_ಕಣ
ಹೂಂ ಗೌಡ್ರೆ. ಅಂದಹಾಗೆ ನಿಮ್ಮ ಕಡೆ ಸೊಗಡವರೆ ಬಂತಾ?

ಮಾಗಡಿ_ಗೌಡ
ಬಂದಿದೆ, ಮಾಗಡಿ ಅವರೆ ಅಂದ್ರೆ ಬೆಂಗಳೂರಲ್ಲಿ ಕೂಗಿ ಮಾರ್ತಾರೆ ಗೊತ್ತಲ್ಲ. ಇಬ್ಬನಿ ಜಾಸ್ತಿ ಬಿದ್ದಷ್ಟೂ ಸೊಗಡು.

ಕುಡ್ಲದ_ಕೂಸು
ಹಿತಕಬೇಳೆ ಸಾರು ಇಲ್ಲಿ ಬಂದ ಮೇಲೆ ಕಲಿತದ್ದು. ರಾತ್ರಿ ಎಲ್ಲರೂ ಟಿವಿ ಎದುರು ಕೂತು ನೆನೆಸಿದ ಕಾಳು ಹಿತಕುವುದು, ಬೆರಳ ತುದಿ ಸುಕ್ಕು ಸುಕ್ಕಾಗ್ತದೆ. ಮಂಗಳೂರಿಗೆ ಹೋಗುವಾಗ ಅಮ್ಮನಿಗೆ ಒಂದು ಚೀಲ ತಗೊಂಡು ಹೋಗ್ತೇನೆ.

ಹೆಬ್ಬಾಳ_ಫ್ಲೈಓವರ್
ಮೂಲ ವಿಷಯಕ್ಕೆ ಬನ್ನಿ. ಕಾರಲ್ಲಿ ಓಡಾಡೋರಿಗೆ ಹೇಗೆ?

ಟಿಬಿ_ಸರ್ಕಲ್
ಯಲಹಂಕ ರಸ್ತೆ ಚೆನ್ನಾಗಿದೆ, ಟೋಲ್ ಇದೆ. ನಾಗವಾರಕ್ಕೆ ವಾರಕ್ಕೆ ಎರಡು ದಿನ ಅಂದ್ರೆ ಆಗುತ್ತೆ, ಬೆಳಿಗ್ಗೆ ಏಳರೊಳಗೆ ರಾಜಾನುಕುಂಟೆ ದಾಟಿರಬೇಕು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆ ಸೇರಿಸೋ ಸ್ಯಾಟಲೈಟ್ ಟೌನ್ ರಿಂಗ್ ರೋಡಿನ ಭಾಗ ಓಪನ್ ಆದ ಮೇಲೆ ಊರೊಳಗೆ ಲಾರಿ ಕಮ್ಮಿಯಾಗಿದೆ. ಮೊದಲು ಡಿ ಕ್ರಾಸ್ ದಾಟೋದು ಅಂದ್ರೆ ಜೀವ ಕೈಯಲ್ಲಿ ಹಿಡ್ಕೊಂಡು. ಬಸ್ಸು ಬೇಕಾದಷ್ಟಿವೆ, ಹೆಂಗಸರಿಗೆ ಶಕ್ತಿ ಯೋಜನೇಲಿ ಟಿಕೆಟ್ಟೂ ಇಲ್ಲ. ರಾತ್ರಿ ಹತ್ತರ ಮೇಲೆ ಮೆಜೆಸ್ಟಿಕ್‌ನಿಂದ ಬರೋದು ಮಾತ್ರ ಕಷ್ಟ.

ನಿವೃತ್ತ_ಮೇಷ್ಟ್ರು
ಮಗಳ ಶಾಲೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಶಾಲೆಗಳಿಗೆ ಇಲ್ಲಿ ಕೊರತೆ ಇಲ್ಲ, ಪಿಯುಸಿ, ಪದವಿ ತನಕ ಓದಿಸಬಹುದು. ಮಗುವನ್ನು ನಡೆದೇ ಹೋಗುವಷ್ಟು ಹತ್ತಿರದ ಶಾಲೆಗೆ ಸೇರಿಸಿ. ಬೆಂಗಳೂರಿನ ಶಾಲೆ ಬಿಡಿಸಲಾರದೆ ಬೆಳಗಿನ ಜಾವ ವ್ಯಾನ್ ಹತ್ತಿಸುವ ಮಕ್ಕಳನ್ನು ದಿನವೂ ನೋಡುತ್ತೇನೆ. ಸೀಟಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿರುತ್ತವೆ. ದೊಡ್ಡವರು ನೆಮ್ಮದಿಗೆ ಅಂತ ಊರು ಬದಲಿಸಿ ಮಗುವಿನ ನಿದ್ದೆ ಕಿತ್ತುಕೊಳ್ಳಬಾರದು.

ಇನ್ನೊಂದು. ಬಂದ ಮೇಲೆ ಬಾಗಿಲು ಹಾಕಿಕೊಂಡು ಕೂರಬೇಡಿ. ಹೊಸ ಬಡಾವಣೆಯವರು ಮತದಾರರ ಪಟ್ಟಿಗೂ ಹೆಸರು ಬದಲಿಸುವುದಿಲ್ಲ, ವಾರ್ಡ್ ಸಭೆಗೂ ಬರುವುದಿಲ್ಲ. ನೀರು ಬಾರದಾಗ ಮಾತ್ರ ನಗರಸಭೆಗೆ ಬಯ್ಯುತ್ತಾರೆ. ಕೆರೆ ಏರಿಯ ಹುಡುಗ ಬರೆದ ಹೋರಾಟಕ್ಕೆ ನಾಲ್ಕು ಜನ ಹೊಸಬರು ಸೇರಿದರೆ ಎಷ್ಟು ಬಲ ಬರುತ್ತದೆ ಯೋಚಿಸಿ.

ಕೆರೆ_ಏರಿ
ಮೇಷ್ಟ್ರೇ, ನಮಸ್ಕಾರ. ನಿಮ್ಮ ಹತ್ರ ಹೈಸ್ಕೂಲಲ್ಲಿ ಓದಿದೋನೇ ನಾನು ಅನ್ಸುತ್ತೆ. ಗಣಿತ ತಾನೆ?

ನಿವೃತ್ತ_ಮೇಷ್ಟ್ರು
ಸಮಾಜ ಪಾಠ ಕಣಪ್ಪ. ಮನೆ ಕಡೆ ಬಾ.

ಗುಬ್ಬಚ್ಚಿ_ಗೂಡು
ಎಲ್ರಿಗೂ ಧನ್ಯವಾದ. ರಾತ್ರಿ ಮನೇಲಿ ಕೂತು ಮಾತಾಡಿದ್ವಿ. ಸೈಟ್ ಈಗ ಬೇಡ ಅಂತ ಬ್ರೋಕರ್‌ಗೆ ಹೇಳಿಬಿಟ್ವಿ. ಪೇಟೆ ಒಳಗೆ, ರೈಲ್ವೆ ಸ್ಟೇಷನ್‌ಗೆ ಆಟೋ ಸಿಗೋ ಕಡೆ, ದೊಡ್ಡ ಸಂಪು ಇರೋ ಬಾಡಿಗೆ ಮನೆ ಹುಡುಕ್ತೀವಿ. ಶಾಲೆ ವರ್ಷ ಮುಗಿಯೋ ತನಕ ಟೈಮಿದೆ. ಮೇಷ್ಟ್ರೇ, ವೋಟರ್ ಐಡಿ ವಿಷಯ ಗಮನದಲ್ಲಿದೆ.

ಮಾವ ಒಂದೇ ಪ್ರಶ್ನೆ ಕೇಳಿ ಅಂದ್ರು: ಬೆಳಿಗ್ಗೆ ವಾಕಿಂಗ್‌ಗೆ ಜಾಗ ಇದ್ಯಾ?

ಟಿಬಿ_ಸರ್ಕಲ್
ನಾಗರಕೆರೆ ಕಡೆ ತುಂಬ ಜನ ಹೋಗ್ತಾರೆ. ಭಗತ್ ಸಿಂಗ್ ಕ್ರೀಡಾಂಗಣ ಇದೆ. ನಾಯಿ ಕಾಟ ಇದೆ, ಕೈಲೊಂದು ಕೋಲು ಇರ್ಲಿ. ಮೇಡಂ, ಮನೆ ನೋಡೋಕೆ ವಾರದ ಮಧ್ಯೆ ಬನ್ನಿ, ಭಾನುವಾರ ಬೇಡ. ಮಗ್ಗ ಓಡೋದು, ನೀರು ಬಿಡೋದು ಎರಡೂ ಗೊತ್ತಾಗುತ್ತೆ.

ಲಾಳಿ_ಹುಡುಗ
ಬಂದಾಗ ನಮ್ಮನೆಗೂ ಬನ್ನಿ ಅಕ್ಕ, ಅತ್ತೆಯವರನ್ನ ಕರ್ಕೊಂಡು. ಅಂಗಡಿ ರೇಟಲ್ಲ, ಮಗ್ಗದ ರೇಟಿಗೇ ಸೀರೆ ಕೊಡ್ತೀನಿ.

ಹೊಸಕೋಟೆ_ಬಿರಿಯಾನಿ
ಇದೇ ಪ್ರಶ್ನೆ ಹೊಸಕೋಟೆಗೂ ಯಾರಾದ್ರೂ ಉತ್ತರ ಕೊಡ್ತೀರಾ? ಪಹಣಿ ಸಾರ್, ನನ್ನ ತಮ್ಮ ಮಾಲೂರು ರಸ್ತೇಲಿ 11ಬಿ ಇರೋ ಸೈಟಿಗೆ ಅಡ್ವಾನ್ಸ್ ಕೊಟ್ಟುಬಿಟ್ಟಿದಾನೆ. ಅಗ್ರಿಮೆಂಟ್ ಆಗಿದೆ, ರಿಜಿಸ್ಟ್ರೇಷನ್ ಆಗಿಲ್ಲ.

ಪಹಣಿ_ನೋಡಿ
ಅಗ್ರಿಮೆಂಟಲ್ಲಿ ದಾಖಲೆ ಸರಿ ಇಲ್ಲದಿದ್ರೆ ಅಡ್ವಾನ್ಸ್ ವಾಪಸ್ ಅನ್ನೋ ಷರತ್ತು ಇದ್ಯಾ ಮೊದಲು ನೋಡಿ. ಸರ್ವೆ ನಂಬರ್ ಇಟ್ಕೊಂಡು ಪಹಣಿ, ಮ್ಯುಟೇಷನ್ ಆನ್‌ಲೈನಲ್ಲೇ ತೆಗೀಬಹುದು, ಇವತ್ತೇ ತೆಗೀರಿ. ಬಾಕಿ ದುಡ್ಡು ಕೊಡೋದು ನಿಲ್ಲಿಸಿ. ಹೊಸಕೋಟೆ ಕಡೆಯ ವಕೀಲರೊಬ್ಬರಿಗೆ ಮೂಲ ಪತ್ರ ತೋರಿಸಿ, ಮಾರೋರು ಪರಿಚಯ ಮಾಡಿಸಿದ ವಕೀಲರಿಗೆ ಮಾತ್ರ ಬೇಡ. ಇದನ್ನ ಹೊಸ ಚರ್ಚೆಯಾಗಿ ಹಾಕಿ, ಅಗ್ರಿಮೆಂಟಿನ ಷರತ್ತು ಹೆಸರು ಅಳಿಸಿ ಬರೀರಿ, ಅಲ್ಲಿ ವಿವರವಾಗಿ ಹೇಳ್ತೀನಿ.